ಹಸಿ ಮಣ್ಣು, ಸುಟ್ಟ ಮಣ್ಣು

ಯಲಹಂಕದ ವಾಯುನೆಲೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಬಡಗಣಕ್ಕೆ ಹೊರಟರೆ ಮೊದಲು ಹುಣಸಮಾರನಹಳ್ಳಿ, ಅದರಾಚೆ ಚಿಕ್ಕಜಾಲ. ವಿಮಾನ ಹಿಡಿಯುವ ಅವಸರದಲ್ಲಿ ಎರಡೂ ಊರುಗಳು ಕಾರಿನ ಕಿಟಕಿಯಲ್ಲೇ ಸರಿದುಹೋಗುತ್ತವೆ. ಬೇಸಿಗೆ ಬಂತೆಂದರೆ ಈ ರಸ್ತೆಯ ಬದಿಯಲ್ಲಿ ಕೆಂಪು ಮಡಕೆಗಳ ಸಾಲು ಕಾಣಿಸಿಕೊಳ್ಳುತ್ತದೆ. ನಲ್ಲಿ ಕೂರಿಸಿದ ಹೂಜಿ, ಬಿಳಿ ಬಳ್ಳಿ ಬರೆದ ಕೊಡ, ಮೊಸರಿನ ಕುಡಿಕೆ. ಎಲ್ಲಿಯದು ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಹೊರಗಿನಿಂದ ಲಾರಿಯಲ್ಲಿ ಬಂದದ್ದು. ಅದೇ ಚಿಕ್ಕಜಾಲದ ನೆಲದಲ್ಲಿ ಸುಮಾರು 3000 ವರ್ಷ ಹಿಂದಿನ ಕಬ್ಬಿಣಯುಗದ ಸಮಾಧಿಗಳಿದ್ದವು. ದಕ್ಷಿಣದ ಇಂಥ ಬೃಹತ್ ಶಿಲಾ ಸಮಾಧಿಗಳನ್ನು ಅಗೆದಾಗಲೆಲ್ಲ ಎಲುಬಿನ ಜೊತೆಗೆ ತಪ್ಪದೆ ಸಿಗುವುದು ಮಡಕೆ, ಒಳಗೆ ಕಪ್ಪು, ಹೊರಗೆ ಅರ್ಧ ಕೆಂಪು. ಮಣ್ಣನ್ನು ಹದ ಮಾಡಿ ಸುಡುವ ವಿದ್ಯೆ ಅಷ್ಟು ಹಿಂದೆಯೇ ಗೊತ್ತಿದ್ದ ಸೀಮೆ ಇಂದು ನೀರಿನ ಮಡಕೆಗಾಗಿ ಲಾರಿ ಕಾಯುತ್ತಿದೆ.

ಕನ್ನಡ ನಾಡಿಗೆ ತನ್ನದೇ ಎನ್ನಬಹುದಾದ ಮಣ್ಣಿನ ಪಾತ್ರೆಯ ಪರಂಪರೆ ಇದೆಯೇ ಎಂಬ ಪ್ರಶ್ನೆ ಹಾಗಾಗಿ ಬಿಡದೆ ಕಾಡುತ್ತದೆ. ಜೈಪುರದ ನೀಲಿ ಪಿಂಗಾಣಿಯಂತೆ, ನಿಜಾಮಾಬಾದಿನ ಕಪ್ಪು ಮಡಕೆಯಂತೆ ಹೆಸರೆತ್ತಿದ ಕೂಡಲೇ ಕಣ್ಣಿಗೆ ಕಟ್ಟುವ ಶೈಲಿ ನಮ್ಮಲ್ಲಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರಕ್ಕೆ ಅದರ ಜೇಡಿಮಣ್ಣಿನಿಂದ ಹೆಸರು ಬಂದಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕುಂಬಾರಿಕೆಯ ಕೇಂದ್ರ ತರಬೇತಿ ಸಂಸ್ಥೆಯನ್ನು ಅಲ್ಲೇ ನಡೆಸುತ್ತದೆ. ಅದನ್ನು ಬಿಟ್ಟರೆ ನಮ್ಮ ಮಡಕೆ ಸಾದಾ ಮಡಕೆ. ಮೆರುಗಿಲ್ಲ, ಚಿತ್ತಾರ ಕಡಿಮೆ. ಕಲೆಯ ಪುಸ್ತಕಗಳು ಅದನ್ನು ಬಿಟ್ಟು ಮುಂದೆ ಹೋಗುವುದು ಇದೇ ಕಾರಣಕ್ಕೆ. ಹಾಗೆ ಬಿಟ್ಟುಹೋಗುವುದು ತಪ್ಪು ಎಂದು ನನಗೆ ತೋರುತ್ತದೆ. ನಮ್ಮ ಮಣ್ಣಿನ ಕೆಲಸದ ವೈಶಿಷ್ಟ್ಯ ಪಾತ್ರೆಯ ಮೈಮೇಲಿಲ್ಲ. ಯಾವ ಮಣ್ಣನ್ನು ಸುಡಬೇಕು, ಯಾವುದನ್ನು ಸುಡಬಾರದು ಎಂಬ ವಿವೇಕದಲ್ಲಿದೆ, ಆ ವಿವೇಕವನ್ನು ಹೊತ್ತು ತಂದ ಕಥೆಗಳಲ್ಲಿದೆ.

ಕೆಲಸದ ಕ್ರಮವನ್ನು ಮೊದಲು ನೋಡಬೇಕು, ಇಲ್ಲವಾದರೆ ಕಥೆಗಳ ಒಳಗು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಕೆರೆಯ ತಳ ಕಂಡಾಗ ಜೇಡಿಮಣ್ಣನ್ನು ಅಗೆದು ತರುತ್ತಾರೆ. ಒಣಗಿಸಿ, ಕುಟ್ಟಿ, ಕಲ್ಲು ಬೇರು ಆರಿಸಿ, ನೆನೆಹಾಕಿ, ಮರಳನ್ನೋ ಬೂದಿಯನ್ನೋ ಬೆರೆಸಿ ಕಾಲಿನಿಂದ ತುಳಿಯುತ್ತಾರೆ. ಈ ಬೆರಕೆ ಇಲ್ಲದ ಬರೀ ಜೇಡಿ ಒಲೆಯ ಮೇಲೆ ಸೀಳುತ್ತದೆ. ಬೆರಕೆ ಹೆಚ್ಚಾದರೆ ತಿಗರಿಯ ಮೇಲೆ ಏಳುವುದೇ ಇಲ್ಲ. ಎರಡರ ನಡುವಿನ ಆ ಬಿಂದುವಿಗೆ ಹದ ಎಂದು ಹೆಸರು. ತಿಗರಿಯಲ್ಲಿ ಬಾಯಿ ಮತ್ತು ಕಂಠವಷ್ಟೇ ಪೂರ್ತಿ ಮುಗಿಯುತ್ತವೆ. ದಪ್ಪ ಗೋಡೆಯ ಆ ಅರೆಬರೆ ಪಾತ್ರೆ ಸ್ವಲ್ಪ ಒಣಗಿದ ಮೇಲೆ ಒಳಗೊಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸಿ, ಬುಡವನ್ನು ದುಂಡಗೆ ಮುಚ್ಚುತ್ತಾರೆ. ಬುಡ ದುಂಡಗಿರುವುದು ಅಂದಕ್ಕಲ್ಲ. ಮೂಲೆ ಇಲ್ಲದ ಕಡೆ ಉರಿ ಸಮನಾಗಿ ಹರಡುತ್ತದೆ, ಮೂರು ಕಲ್ಲಿನ ಒಲೆಯ ಮೇಲೆ ಅದು ಅಲುಗದೆ ಕೂರುತ್ತದೆ, ತಲೆಯ ಮೇಲಿನ ಸಿಂಬಿಯಲ್ಲೂ ಹಾಗೆಯೇ.

ಕಡೆಗೆ ಆವಿಗೆ. ಸೌದೆ, ಹುಲ್ಲು, ಬೆರಣಿಯ ನಡುವೆ ಮಡಕೆಗಳನ್ನು ಒಟ್ಟಿ, ಮೇಲೆ ಮಣ್ಣು ಮೆತ್ತಿ ಇರುಳೆಲ್ಲ ಸುಡುತ್ತಾರೆ. ಇಂಥ ತೆರೆದ ಆವಿಗೆಯ ಕಾವು 700ರಿಂದ 850 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ನಿಲ್ಲುತ್ತದೆ. ಗಾಳಿ ಆಡಿದರೆ ಮಡಕೆ ಕೆಂಪು. ಹೊಗೆಯನ್ನು ಒಳಗೇ ಕಟ್ಟಿಹಾಕಿದರೆ ಕಪ್ಪು. ಆದರೆ ಬಣ್ಣಕ್ಕಿಂತ ಮುಖ್ಯವಾದದ್ದು ಅದಕ್ಕೂ ಮೊದಲೇ, 500ರಿಂದ 600 ಡಿಗ್ರಿಯ ಹೊತ್ತಿಗೆ ನಡೆದುಹೋಗಿರುತ್ತದೆ. ಜೇಡಿಯ ಕಣಗಳೊಳಗೆ ಸೇರಿಕೊಂಡಿದ್ದ ನೀರು ಶಾಶ್ವತವಾಗಿ ಹೊರಟುಹೋಗುತ್ತದೆ. ಆ ಗೆರೆಯ ಈಚೆಗಿರುವ ಪಾತ್ರೆ ಎಷ್ಟೇ ಚೆನ್ನಾಗಿ ಒಣಗಿರಲಿ, ನೀರು ಹೊಯ್ದರೆ ಮತ್ತೆ ಕೆಸರು. ಗೆರೆ ದಾಟಿದ್ದು ಒಡೆದೀತು, ಮಣ್ಣಾಗಲಾರದು. ಸಮಾಧಿಯೊಳಗಿನ ಚೂರು ಮೂರು ಸಾವಿರ ಮಳೆಗಾಲ ಕಂಡರೂ ಚೂರಾಗಿಯೇ ಉಳಿದಿರುವುದು ಇದರಿಂದ. ಕುಂಬಾರನಿಗೆ ಈ ಗೆರೆ ಹುಟ್ಟಿನಿಂದ ಗೊತ್ತು. ನಮ್ಮ ಜನಪದ ಕಥೆಗಳೆಲ್ಲ ಸರಿಯಾಗಿ ಈ ಗೆರೆಯ ಮೇಲೆಯೇ ನಿಂತಿರುವುದನ್ನು ಗಮನಿಸಿದಾಗ ನನಗಾದ ಬೆರಗು ಇನ್ನೂ ಹೋಗಿಲ್ಲ.

ಸವದತ್ತಿಯ ಎಲ್ಲಮ್ಮನ ಕಥೆ ಎಲ್ಲರಿಗೂ ಗೊತ್ತು. ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ಹೊಳೆಗೆ ಹೋಗಿ ದಂಡೆಯ ಮರಳಲ್ಲೇ ಕೊಡ ಕಟ್ಟಿ, ಹಾವನ್ನು ಸಿಂಬಿ ಮಾಡಿಕೊಂಡು ನೀರು ತರುತ್ತಾಳೆ. ಒಂದು ದಿನ ನೀರಾಟದಲ್ಲಿದ್ದ ಗಂಧರ್ವನನ್ನು ಕಂಡು ಅವಳ ಮನಸ್ಸು ಒಂದು ಕ್ಷಣ ಕದಲುತ್ತದೆ. ಅಂದು ಮರಳು ಕೊಡವಾಗುವುದಿಲ್ಲ. ಇದನ್ನು ಪಾತಿವ್ರತ್ಯದ ಕಥೆಯೆಂದು ಓದುವವರೇ ಹೆಚ್ಚು, ಅವಳಿಗಾದ ಅನ್ಯಾಯದ ಕಥೆಯೆಂದು ಓದುವವರೂ ಇದ್ದಾರೆ. ಮಣ್ಣಿನ ಕೆಲಸ ಬಲ್ಲವರು ಕೇಳಿದರೆ ಇನ್ನೊಂದು ಅರ್ಥ ಎದ್ದು ನಿಲ್ಲುತ್ತದೆ: ಬೆಂಕಿ ಮಾಡಬೇಕಾದ ಕೆಲಸವನ್ನು ಅವಳ ಮನಸ್ಸಿನ ಕಾವು ಮಾಡುತ್ತಿತ್ತು. ಪವಾಡಕ್ಕೆ ನಮ್ಮ ಜನ ಬೆಟ್ಟ ಎತ್ತುವುದನ್ನೋ ಕಡಲು ದಾಟುವುದನ್ನೋ ಆರಿಸಿಕೊಳ್ಳಲಿಲ್ಲ. ಸುಡದ ಮಡಕೆಯಲ್ಲಿ ನೀರು ನಿಲ್ಲುವುದನ್ನು ಆರಿಸಿಕೊಂಡರು. ಸುಟ್ಟದ್ದಕ್ಕೂ ಸುಡದ್ದಕ್ಕೂ ಇರುವ ಅಂತರವನ್ನು ದಿನವೂ ಸೊಂಟದ ಮೇಲೆ ಹೊತ್ತ ಹೆಂಗಸರಿಗೆ ಮಾತ್ರ ಇದು ಪವಾಡವೆಂದು ಹೊಳೆದೀತು.

ಬೆಂಗಳೂರಿನ ಕರಗದ ನಡುವೆಯೂ ಇರುವುದು ಇದೇ ಹಸಿ ಮಡಕೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಹೂವಿನ ಕರಗವನ್ನು ನೋಡಲು ಊರೆಲ್ಲ ಸೇರುತ್ತದೆ. ಅದಕ್ಕೆ ಮೊದಲು, ಅಷ್ಟು ಜನಜಂಗುಳಿ ಇಲ್ಲದೆ ನಡೆಯುವ ಹಸಿ ಕರಗವೇ ಆಚರಣೆಯ ಬೇರು. ಹೆಸರೇ ಹೇಳುವಂತೆ ಅದು ಆವಿಗೆ ಕಾಣದ ಮಡಕೆ. ಸಂಪಂಗಿ ಕೆರೆಯ ಮಣ್ಣಿನದು. ಪಾಂಡವರು ಸ್ವರ್ಗದ ದಾರಿ ಹಿಡಿದಾಗ ಹಿಂದುಳಿದ ದ್ರೌಪದಿಯ ಮುಂದೆ ತಿಮಿರಾಸುರ ಬಂದು ನಿಂತ. ಅವಳು ಆದಿಶಕ್ತಿಯಾಗಿ ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಕೊಂದಳು. ಬಿಟ್ಟುಹೋಗಬೇಡ ತಾಯಿ ಎಂದು ಅಳುವ ಆ ಮಕ್ಕಳಿಗೆ ವರ್ಷಕ್ಕೊಮ್ಮೆ ಬಂದು ಹೋಗುವ ಮಾತು ಕೊಟ್ಟಳು ಎನ್ನುವುದು ತಿಗಳರ ನಂಬಿಕೆ. ಹಾಗೆ ಬಂದವಳು ಇರುವುದು ಮಣ್ಣಿನ ಕುಂಭದಲ್ಲಿ. ಕೈಯಿಂದ ಮುಟ್ಟದೆ, ರುಂಡದ ಮೇಲೆ ಹೊತ್ತು, ಗತಿಸುವುದೇ ಕ-ರ-ಗ ಎಂದು ಮೂರಕ್ಷರಕ್ಕೆ ಮೂರು ಅರ್ಥ ಬಿಡಿಸಿ ಹೇಳುವವರಿದ್ದಾರೆ. ಪಂಡಿತರು ಸಂಸ್ಕೃತದ ‘ಕರಕ’, ಅಂದರೆ ನೀರಿನ ಪಾತ್ರೆ, ಎಂಬ ಮಾತಿಗೆ ಗಂಟು ಹಾಕುತ್ತಾರೆ. ಕನ್ನಡದ ಕಿವಿಗೆ ಮಾತ್ರ ‘ಕರಗು’ ಎಂಬ ಕ್ರಿಯಾಪದ ಕೇಳದೆ ಇರುವುದಿಲ್ಲ.

ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಆನೇಕಲ್ಲು. ನಗರವನ್ನು ಸುತ್ತುವರಿದು ಊರೂರಿಗೂ ಕರಗವಿದೆ. ಇವೆಲ್ಲ ಕೆರೆಗಳ ಸೀಮೆ, ತಿಗಳರು ತೋಟ ಮಾಡಿ ತರಕಾರಿ, ಹೂವು ಬೆಳೆದ ಸೀಮೆ. ಕೆರೆಯ ನೀರು ನಂಬಿ ಬದುಕಿದವರು ಕೆರೆಯ ಮಣ್ಣಲ್ಲೇ ದೇವಿಯನ್ನು ಕಂಡದ್ದು ಸಹಜ.

ಉತ್ತರ ಕರ್ನಾಟಕಕ್ಕೆ ಹೋದರೆ ಹಸಿ ಮಣ್ಣು ಇಡೀ ಮಳೆಗಾಲದ ಪಂಚಾಂಗವನ್ನೇ ಆಳುತ್ತದೆ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಜೋಡೆತ್ತು; ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರ ಗುಳ್ಳವ್ವ; ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಈ ಜೋಕುಮಾರನ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಲೇಬೇಕು. ಅಗಲ ಮುಖ, ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಬುಟ್ಟಿಯಲ್ಲಿ ಕೂರಿಸಿಕೊಂಡು ಅಂಬಿಗರ ಹೆಂಗಸರು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ರೈತರು ಜೋಳ ಕೊಟ್ಟು ಅವನ ಪ್ರಸಾದ ಪಡೆದು ಹೊಲಕ್ಕೆ ಚೆಲ್ಲುತ್ತಾರೆ. ಗಣಪ ಕಡುಬು ತಿಂದು ಹೋಗಿ ಭೂಲೋಕ ಸುಖವಾಗಿದೆ ಎಂದು ಶಿವನಿಗೆ ಹೇಳಿದನಂತೆ. ಜೋಕುಮಾರ ಬಡವರ ಕೇರಿ ಸುತ್ತಿ, ಮಳೆಯಿಲ್ಲ, ಬೆಳೆಯಿಲ್ಲ, ಜನ ಸಂಕಟದಲ್ಲಿದ್ದಾರೆ ಎಂದು ವರದಿ ಒಪ್ಪಿಸಿದನಂತೆ. ಮಳೆ ಬಂದದ್ದು ಅವನ ಮಾತಿಗೆ. ಏಳು ದಿನದ ಬದುಕು ಮುಗಿಸಿ ಅವನು ಸಾಯುವುದು ಅಗಸರ ಬಂಡೆಯ ಬಳಿ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಇದೇ ನೆಲದಿಂದ ಎದ್ದದ್ದು. ಎತ್ತು, ಗುಳ್ಳವ್ವ, ಗಣಪ, ಜೋಕುಮಾರ, ಇವರಲ್ಲಿ ಯಾರೂ ಆವಿಗೆ ಹತ್ತುವುದಿಲ್ಲ. ಬಂದ ಮಣ್ಣಿಗೇ ಮರಳಬೇಕಾದವರನ್ನು ಸುಟ್ಟರೆ ಅವರ ದಾರಿ ಮುಚ್ಚಿದಂತೆ.

ದೇವರ ಮಣ್ಣೆಲ್ಲ ಹಸಿ, ಅಡುಗೆಯ ಮಣ್ಣೆಲ್ಲ ಸುಟ್ಟದ್ದು ಎಂದು ಗೆರೆ ಎಳೆದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಸುರ್ಯದ ಸದಾಶಿವರುದ್ರ ದೇವಸ್ಥಾನ ಇದಕ್ಕೆ ಎದುರು ಸಾಕ್ಷಿ. ಅಲ್ಲಿ ಹರಕೆಯೆಂದು ಒಪ್ಪಿಸುವುದು ಸುಟ್ಟ ಮಣ್ಣಿನ ಗೊಂಬೆ. ಮಗು ಬೇಕಾದವರು ತೊಟ್ಟಿಲು, ಮನೆ ಬೇಕಾದವರು ಮನೆ, ಕಾಲು ನೋವಿನವರು ಕಾಲು. ಕಾಲ ಬದಲಾದಂತೆ ಕಾರೂ ಬಂದಿದೆ. ಕಾಡಿನ ನೆರಳಿನ ಹರಕೆ ಬನದಲ್ಲಿ ಈ ಗೊಂಬೆಗಳು ವರ್ಷಗಟ್ಟಲೆ ರಾಶಿ ಬಿದ್ದು ಪಾಚಿ ಹಿಡಿಯುತ್ತವೆ. ದೇವರು ಬಂದು ಹೋಗುವವನಾದ್ದರಿಂದ ಹಸಿ ಮಣ್ಣು ಸಾಕು. ಮನುಷ್ಯನ ಕೋರಿಕೆ ಅಲ್ಲೇ ಕಾದು ಕೂರಬೇಕು, ಮಳೆಗೆ ಕರಗಬಾರದು. ತುಳುನಾಡಿನ ಧೋ ಎನ್ನುವ ಮಳೆಯನ್ನು ನೆನೆದರೆ ಈ ಲೆಕ್ಕ ಎಷ್ಟು ಸರಿಯೆಂದು ತಿಳಿಯುತ್ತದೆ.

ಮದುವೆಯ ಮಡಕೆಗಳೂ ಸುಟ್ಟವೇ. ಬೆಂಗಳೂರು, ಕೋಲಾರದ ಕಡೆ ಅರಿವೇಣಿ, ಉತ್ತರದಲ್ಲಿ ಐರಾಣಿ ಎಂದು ಕರೆಯುವ ಶಾಸ್ತ್ರದಲ್ಲಿ ಹೆಣ್ಣುಮಕ್ಕಳು ವಾದ್ಯದೊಂದಿಗೆ ಕುಂಬಾರರ ಮನೆಗೇ ಹೋಗಿ, ಸುಣ್ಣ ಜಾಜಿನ ಗೆರೆ ಎಳೆದ ಗಡಿಗೆಗಳನ್ನು ಪೂಜಿಸಿ ತರುತ್ತಾರೆ. ಊರ ಗೌಡನ ಮನೆಯ ಮದುವೆಯೂ ಕುಂಬಾರನ ಹೊಸ್ತಿಲಿಗೆ ಬರದೆ ಆರಂಭವಾಗುತ್ತಿರಲಿಲ್ಲ. ಬದುಕಿನ ಇನ್ನೊಂದು ತುದಿಯಲ್ಲಿ, ಹೆಣದ ಸುತ್ತ ಮೂರು ಸುತ್ತು ಬಂದು ತೂತು ಕೊರೆದ ಕೊಡವನ್ನು ಹಿಂದಕ್ಕೆ ಒಡೆಯುವಾಗಲೂ ಅವನದೇ ಮಡಕೆ. ಸೂತಕ ಕಳೆದರೆ, ಗ್ರಹಣ ಬಿಟ್ಟರೆ ಹಳೆಯ ಮಡಕೆ ಎಸೆದು ಹೊಸದು ತರಬೇಕು. ತಾಮ್ರ, ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಉಜ್ಜಿದರೆ ಶುದ್ಧಿ. ರಂಧ್ರಮಯವಾದ ಮಣ್ಣು ಒಮ್ಮೆ ಹೀರಿದ್ದನ್ನು ಬಿಟ್ಟುಕೊಡುವುದಿಲ್ಲ. ಮೈಲಿಗೆಯ ಕಲ್ಪನೆಯಲ್ಲಿ ಮನುಷ್ಯರನ್ನು ಮನುಷ್ಯರಿಂದ ದೂರವಿಟ್ಟ ಕ್ರೌರ್ಯವನ್ನು ನಾನು ಮರೆತಿಲ್ಲ. ಮಡಕೆಯ ಮಟ್ಟಿಗೆ ಮಾತ್ರ ಅದು ಒಂದು ಮನೆತನಕ್ಕೆ ವರ್ಷವಿಡೀ ಕೆಲಸ ಕೊಟ್ಟಿತು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಪಡೆಯುವ ಹಕ್ಕು ಅನೇಕ ಊರುಗಳಲ್ಲಿ ಕುಂಬಾರನಿಗಿತ್ತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯಲ್ಲಿ ಮರುಕ ಇರುವಂತೆಯೇ ಆ ಸುತ್ತುಗಾಲದ ಲೆಕ್ಕವೂ ಇದೆ.

ಕುಂಬಾರರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಕಥೆಗಳಲ್ಲಿ ಶಾಲಿವಾಹನನದು ದೊಡ್ಡದು. ಪೈಠಣದ ಕುಂಬಾರನ ಮನೆಯಲ್ಲಿ ಬೆಳೆದ ಹುಡುಗ ಮಣ್ಣಿನ ಆನೆ, ಕುದುರೆ, ಕಾಲಾಳು ಮಾಡಿ ಆಡುತ್ತಿದ್ದ. ವಿಕ್ರಮನ ದಂಡು ಬಂದಾಗ ಆ ಗೊಂಬೆಗಳಿಗೇ ಜೀವ ಬಂತು. ಇತಿಹಾಸದ ಒರೆಗಲ್ಲಿಗೆ ಇದು ನಿಲ್ಲುವುದಿಲ್ಲ. ಆದರೆ ಕ್ರಿ.ಶ. 78ರಿಂದ ಎಣಿಸುವ ಶಕೆ ಪ್ರತಿ ಯುಗಾದಿಯ ಪಂಚಾಂಗದಲ್ಲೂ ಅವನ ಹೆಸರಿನಲ್ಲೇ ಬರುತ್ತದೆ ಎಂಬುದನ್ನು ಅವರು ಹೆಮ್ಮೆಯಿಂದ ನೆನೆಯುತ್ತಾರೆ. ಸರ್ವಜ್ಞನನ್ನೂ ತಮ್ಮವನೆನ್ನುತ್ತಾರೆ, ತಾಯಿ ಅಬಲೂರಿನ ಕುಂಬಾರರ ಮಾಳಿ ಎಂಬ ಐತಿಹ್ಯ ಅದಕ್ಕೆ ಆಧಾರ. ನನಗೆ ಇವೆಲ್ಲಕ್ಕಿಂತ ಹತ್ತಿರದವನು ಕುಂಬಾರ ಗುಂಡಯ್ಯ. ಹರಿಹರ ಅವನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಗುಂಡಯ್ಯನ ಮಡಕೆಯ ಬಡಿತದ ಲಯಕ್ಕೆ ಶಿವ ಕೈಲಾಸ ಬಿಟ್ಟು ಬಂದು ಕುಣಿದ. ಹಲಗೆ ತಟ್ಟುವ ಕೆಲಸವನ್ನು ಹತ್ತಿರದಿಂದ ಕೇಳಿದವರಿಗೆ ಇದು ಉತ್ಪ್ರೇಕ್ಷೆ ಎನಿಸದು. ತಟ್ಟುತ್ತ ತಟ್ಟುತ್ತ ಗೋಡೆ ತೆಳುವಾದಂತೆ ದನಿ ಏರುತ್ತದೆ, ಕಿವಿಯೇ ಅಳತೆಗೋಲು. ಕಛೇರಿಯ ಘಟವೂ ಇದೇ ತಟ್ಟಿನ ಕೂಸು. ಬೆಂಗಳೂರಿನ ಘಟ ವಿದುಷಿ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿ ಇಟ್ಟು ಘಟತರಂಗ ನುಡಿಸುವಾಗ ಗುಂಡಯ್ಯನ ಅಂಗಳ ನೆನಪಾಗುತ್ತದೆ. ಗುಂಡಯ್ಯನ ಹೆಂಡತಿ ಕೇತಲದೇವಿಯ ವಚನವೊಂದು ಉಳಿದಿದೆ, ಅಂಕಿತ ಕುಂಭೇಶ್ವರ. ಭಕ್ತಿಯ ಮಾತನ್ನು ಆಕೆ ಆರಂಭಿಸುವುದು ಮಣ್ಣಿನ ಹದದಿಂದ. ಕೈ ಕೆಸರಾದವರಲ್ಲದೆ ಬೇರೆ ಯಾರೂ ಅಲ್ಲಿಂದ ಆರಂಭಿಸುತ್ತಿರಲಿಲ್ಲ.

ಪುರಾತತ್ವ ಈ ಕಥೆಗಳಿಗೆ ಬುಡ ಕೊಡುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಪದರ ಪದರವಾಗಿ ಮಡಕೆಯ ಚರಿತ್ರೆಯೇ ತೆರೆದುಕೊಂಡಿತು: ತಳದಲ್ಲಿ ಕೈಯಲ್ಲೇ ಮಾಡಿದ ಬೂದು ಪಾತ್ರೆ, ಮೇಲೆ ನಿಧಾನ ತಿರುಗುವ ಚಕ್ರದ ಕಪ್ಪು-ಕೆಂಪು, ಅದರ ಮೇಲೆ ವೇಗದ ತಿಗರಿಯ, ಬಿಳಿ ಗೆರೆಯ ಪಾತ್ರೆ. ಹಳೆಯ ಪದರದಲ್ಲಿ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳಿದ್ದರು. ಗರ್ಭದಿಂದ ಬಂದದ್ದನ್ನು ಮತ್ತೊಂದು ಗರ್ಭದಲ್ಲಿ ಇಟ್ಟಂತೆ. ನಮ್ಮ ಸೀಮೆಯಲ್ಲಿ ಹೊಸಕೋಟೆ ಬಳಿಯ ಜಡಿಗೇನಹಳ್ಳಿಯಲ್ಲೂ ಶಿಲಾ ಸಮಾಧಿಗಳ ಉತ್ಖನನ ನಡೆದಿದೆ. ವಿಜಯನಗರದ ಶ್ರೀಮಂತರ ಬಿಡಾರಗಳ ಮಣ್ಣಿನ ಪಾತ್ರೆಗಳನ್ನು ಕಾರ್ಲಾ ಸಿನೊಪೊಲಿ ಕೂಲಂಕಷವಾಗಿ ಅಭ್ಯಾಸ ಮಾಡಿದ್ದಾರೆ. ಚೀನಾದ ಪಿಂಗಾಣಿ ಬಳಸುತ್ತಿದ್ದ ಮನೆಗಳಲ್ಲೂ ಅಡುಗೆಗೆ, ನೀರಿಗೆ ಇದ್ದದ್ದು ಇದೇ ಸಾದಾ ಮಡಕೆ.

ಮುರಿದದ್ದು ಎಲ್ಲಿ? ಅಲ್ಯುಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡಗಳನ್ನು ಎಲ್ಲರೂ ದೂರುತ್ತಾರೆ. ಪೆಟ್ಟು ಅದಕ್ಕೂ ಹಿಂದಿನದು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ನೇತ್ರಾವತಿ ದಂಡೆಯ ಜೇಡಿ ಯಂತ್ರದ ಅಚ್ಚಿಗೆ ಬಿತ್ತು. ಅದುವರೆಗೆ ಕುಂಬಾರ ತಿಗರಿಯ ಮೇಲೆ ಕೊಳವೆ ಎತ್ತಿ, ಉದ್ದಕ್ಕೆ ಸೀಳಿ ನಾಡಹೆಂಚು ಮಾಡುತ್ತಿದ್ದ. ಮಂಗಳೂರು ಹೆಂಚು ಬಯಲುಸೀಮೆಗೂ ಹತ್ತಿದಂತೆ ಆ ಕೆಲಸ ಹೋಯಿತು. ಬೆಂಗಳೂರಿನಲ್ಲೇ, ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲದಲ್ಲಿ, ಮಲ್ಲೇಶ್ವರದ ಆಚೆ ಸರ್ಕಾರಿ ಪಿಂಗಾಣಿ ಕಾರ್ಖಾನೆ ಬಂತು. ವಿದ್ಯುತ್ ತಂತಿಗಳಿಗೆ ಬೇಕಾದ ಪಿಂಗಾಣಿ ನಿರೋಧಕಗಳು ಅದರ ಮುಖ್ಯ ಕೆಲಸವಾದವು. ಕೊನೆಗೆ ಅದು ಬಿಎಚ್‌ಇಎಲ್‌ನ ವಿಭಾಗವಾಯಿತು. ಇವೆರಡೂ ನಾಡಿಗೆ ಬೇಕಿದ್ದ ಕಾರ್ಖಾನೆಗಳೇ. ಕುಂಬಾರನ ಕೈಚಳಕಕ್ಕೆ ಅಲ್ಲಿ ದೊಡ್ಡ ಜಾಗ ಸಿಗಲಿಲ್ಲ ಎನ್ನುವುದಷ್ಟೇ ನನ್ನ ಕೊರಗು.

ಈಚಿನ ಪೆಟ್ಟು ಮಾತ್ರ ನೇರವಾಗಿ ಮಣ್ಣಿಗೇ ಬಿದ್ದಿದೆ. ಹಳೆಯ ಪೇಟೆಯಲ್ಲಿ ಕುಂಬಾರಪೇಟೆ, ಕುಂಬಾರಗುಂಡಿ ಎಂಬ ಹೆಸರುಗಳು ಬೀದಿಯ 
ಫಲಕಗಳಲ್ಲಿ ಉಳಿದಿವೆ. ಹಸಿ ಕರಗಕ್ಕೆ ಮಣ್ಣು ಕೊಡುವ ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉಳಿದದ್ದು ಆಚರಣೆಗೆ ಸಾಕಾಗುವಷ್ಟು ಪುಟ್ಟ ಕೊಳ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿನಲ್ಲಿ ಇಂದಿಗೂ ಗಣಪನ ಮೂರ್ತಿಗಳಾಗುತ್ತವೆ, ಹಣತೆಗಳಾಗುತ್ತವೆ. ನೆಲದಡಿಯ ಮೆಟ್ರೊ ನಿಲ್ದಾಣಕ್ಕೂ ಆ ಹೆಸರೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ನಿಷೇಧಿಸಿದ ಮೇಲೆ ಜೇಡಿಮಣ್ಣಿಗೆ ಮತ್ತೆ ಬೇಡಿಕೆ ಬಂದಿದೆ. ಖಾದಿ ಆಯೋಗ ವಿದ್ಯುತ್ ತಿಗರಿಗಳನ್ನು ಹಂಚುತ್ತಿದೆ. ತಿಗರಿ ತಿರುಗಿಸುವ ತೋಳಿನ ನೋವು ಅದರಿಂದ ಕಡಿಮೆಯಾಗಿದೆ, ಒಳ್ಳೆಯದೇ. ಆದರೆ ತಿಗರಿಯ ಮೇಲೆ ಇಡುವ ಮಣ್ಣು ಎಲ್ಲಿಂದ?

ಹುಣಸಮಾರನಹಳ್ಳಿಯ ಸುತ್ತ ನಿಂತು ಕೇಳಿದರೆ ಈ ಪ್ರಶ್ನೆಗೆ ಹೊಸ ತಿರುವೊಂದಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ನಗರದ ಸಂಸ್ಕರಿಸಿದ ನೀರು ಬಾಗಲೂರು ಕೆರೆಯಿಂದ ಹಿಡಿದು ದೇವನಹಳ್ಳಿ, ಚಿಕ್ಕಬಳ್ಳಾಪುರದ ಕೆರೆಗಳವರೆಗೆ ಹರಿಯುತ್ತಿದೆ. ಅಂತರ್ಜಲಕ್ಕೆ ಅದು ಬೇಕು ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇಸಿಗೆಯಲ್ಲೂ ತುಂಬಿದ ಕೆರೆ ತನ್ನ ತಳ ತೋರಿಸುವುದಿಲ್ಲ, ತಳ ಕಾಣದ ಕೆರೆ ಕುಂಬಾರನಿಗೆ ಮಣ್ಣು ಕೊಡುವುದಿಲ್ಲ. ಹೂಳೆತ್ತುವ ಕೆಲಸ ಬಂದಾಗ ಜೇಡಿ, ಮರಳು, ಗೋಡು ಎಲ್ಲ ಒಟ್ಟಾಗಿ ಟಿಪ್ಪರ್ ಹತ್ತಿ ಹೋಗುತ್ತದೆ. ಕೆರೆಯ ಯಾವ ಮೂಲೆಯಲ್ಲಿ ಜೇಡಿ ಗಟ್ಟಿಯಾಗಿ ಕೂತಿದೆ ಎಂದು ಬಲ್ಲವರನ್ನು ಆ ಹೊತ್ತಿಗೆ ಕರೆದು ಕೇಳುವ ಪದ್ಧತಿ ಬರಬೇಕು. ಆ ಮೂಲೆಯ ಮಣ್ಣನ್ನು ಕೆರೆ ತುಂಬುವ ಮೊದಲು ಅವರಿಗೆಂದು ತೆಗೆದಿಡಬೇಕು. ಅದಕ್ಕೆ ಪ್ರಯೋಗಾಲಯ ಬೇಡ. ಒಂದು ಹಿಡಿ ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಹುರಿ ಮಾಡಿ ತೋರುಬೆರಳಿಗೆ ಸುತ್ತಿ ನೋಡುತ್ತಾರೆ; ಸುತ್ತು ಮುಗಿದಾಗ ಬಿರುಕು ಕಾಣದಿದ್ದರೆ ಬುಟ್ಟಿಗೆ ಹಾಕಿಕೊಳ್ಳುತ್ತಾರೆ.